ಅಮೆರಿಕದ ಮನೆಯ ಚಿಮ್ನಿ: ಪರೀಕ್ಷೆ ಎಷ್ಟು ದಿನಕ್ಕೊಮ್ಮೆ, ಕ್ಲೀನಿಂಗ್ ಯಾವಾಗ?

ಅಮೆರಿಕದಲ್ಲೋ ಕೆನಡಾದಲ್ಲೋ ಹೊಸದಾಗಿ ಮನೆ ಕೊಂಡ ನಮ್ಮವರು ಚಳಿಗಾಲ ಹತ್ತಿರ ಬಂದಾಗ ಕೇಳುವ ಪ್ರಶ್ನೆ ಇದು: ‘ಮನೆಯಲ್ಲಿ ಫೈರ್‌ಪ್ಲೇಸ್ ಇದೆ. ಚಿಮ್ನಿಯನ್ನು ಎಷ್ಟು ವರ್ಷಕ್ಕೊಮ್ಮೆ ಕ್ಲೀನ್ ಮಾಡಿಸಬೇಕು?’

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪರೀಕ್ಷೆ ವರ್ಷಕ್ಕೊಮ್ಮೆ ಆಗಲೇಬೇಕು. ಕ್ಲೀನಿಂಗ್‌ಗೆ ಮಾತ್ರ ಕ್ಯಾಲೆಂಡರ್ ನೋಡುವುದಲ್ಲ, ಒಳಗೆ ಕಟ್ಟಿರುವ ಮಸಿ ಎಷ್ಟು ದಪ್ಪ ಇದೆ ಎಂದು ನೋಡಬೇಕು. ಅದು 3 ಮಿಲಿಮೀಟರ್ ಮುಟ್ಟಿತು ಅಂದರೆ ಕ್ಲೀನ್ ಮಾಡಿಸಬೇಕು. ಎರಡು ತಿಂಗಳ ಹಿಂದೆಯೇ ಮಾಡಿಸಿದ್ದರೂ ಮತ್ತೆ ಮಾಡಿಸಬೇಕು.

ಇವೆರಡನ್ನೂ ಒಂದೇ ಎಂದುಕೊಂಡರೆ ತೊಂದರೆ ಶುರುವಾಗುತ್ತದೆ. ‘ಈ ವರ್ಷ ಐದಾರು ಸಲ ಮಾತ್ರ ಬೆಂಕಿ ಹಾಕಿದ್ದೇವೆ, ಮಸಿ ಏನೂ ಇರಲ್ಲ’ ಎಂದು ಪರೀಕ್ಷೆಯನ್ನೇ ಬಿಟ್ಟುಬಿಡುವವರು ಬಹಳ. ಆದರೆ ಚಿಮ್ನಿ ಕೆಡುವುದು ಬರೀ ಬೆಂಕಿಯಿಂದ ಅಲ್ಲ. ಮಳೆ, ಹಿಮ, ಹಕ್ಕಿ ಗೂಡು, ಅಳಿಲು, ಬಿರುಕು ಬಿಟ್ಟ ಗಾರೆ ಇವೆಲ್ಲ ಬಳಸದ ಚಿಮ್ನಿಯನ್ನೂ ಕೆಡಿಸುತ್ತವೆ. ಅಮೆರಿಕದ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘದ (ಎನ್‌ಎಫ್‌ಪಿಎ) 211ನೇ ಮಾನದಂಡ ಇದನ್ನೇ ಹೇಳುತ್ತದೆ. ಚಿಮ್ನಿ, ಫೈರ್‌ಪ್ಲೇಸ್, ವೆಂಟ್ ಯಾವುದೇ ಇರಲಿ, ವರ್ಷಕ್ಕೆ ಒಮ್ಮೆಯಾದರೂ ಪರೀಕ್ಷೆ ಆಗಬೇಕು. ಕ್ಲೀನಿಂಗ್, ರಿಪೇರಿ ಅಗತ್ಯ ಕಂಡರೆ ಮಾಡಬೇಕು. ಎಷ್ಟು ಸಲ ಬೆಂಕಿ ಹಾಕಿದ್ದೀರಿ ಎಂಬ ಲೆಕ್ಕಕ್ಕೂ ಪರೀಕ್ಷೆಗೂ ಸಂಬಂಧವೇ ಇಲ್ಲ.

ನಮಗೆ ಇದು ಯಾಕೆ ಹೊಸದು

ಊರಿನ ಹಳೆಯ ಮನೆಗಳಲ್ಲಿ ಒಲೆಯ ಹೊಗೆ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ತೊಲೆಗಳ ಮೇಲೆ ಇಲ್ಲಣ ನೇತಾಡುತ್ತಿತ್ತು. ಅದು ಕಣ್ಣಿಗೆ ಕಾಣುತ್ತಿತ್ತು, ಹಬ್ಬದ ಮುಂಚೆ ಉದ್ದ ಕೋಲಿಗೆ ಪೊರಕೆ ಕಟ್ಟಿ ತೆಗೆಯುತ್ತಿದ್ದರು. ಇಲ್ಲಿ ಅದೇ ಇಲ್ಲಣ ಇಟ್ಟಿಗೆ ಗೂಡಿನ ಒಳಗೆ, ಯಾರಿಗೂ ಕಾಣದ ಕಡೆ ಕಟ್ಟುತ್ತದೆ. ಇನ್ನೊಂದು ಮುಖ್ಯ ವ್ಯತ್ಯಾಸವಿದೆ. ಊರಿನಲ್ಲಿ ಒಲೆಯ ಹಿಂದೆ ಇದ್ದದ್ದು ಮಣ್ಣಿನ ಅಥವಾ ಕಲ್ಲಿನ ಗೋಡೆ. ಇಲ್ಲಿನ ಮನೆಗಳಲ್ಲಿ ಜಾಸ್ತಿ ಮರದ ಚೌಕಟ್ಟೇ. ಚಿಮ್ನಿಯ ಸುತ್ತ ಕೆಲವೇ ಇಂಚು ದೂರದಲ್ಲಿ ಮರದ ತೊಲೆ, ಪ್ಲೈವುಡ್ ಇರುತ್ತವೆ. ಚಿಮ್ನಿಯ ಒಳಪದರದಲ್ಲಿ ಒಂದು ಬಿರುಕು ಇದ್ದರೂ ಆ ಬಿಸಿ ನೇರವಾಗಿ ಮರಕ್ಕೆ ತಾಕಬಹುದು.

ಆ ಒಳಪದರವನ್ನು ಲೈನರ್ ಅನ್ನುತ್ತಾರೆ. ಹೊಗೆ ಹೋಗುವ ದಾರಿಗೆ ಫ್ಲೂ ಎಂದು ಹೆಸರು. ಇಟ್ಟಿಗೆ ಚಿಮ್ನಿಗಳಲ್ಲಿ ಲೈನರ್ ಸಾಮಾನ್ಯವಾಗಿ ಸುಟ್ಟ ಜೇಡಿಮಣ್ಣಿನ ಟೈಲ್‌ಗಳದ್ದು. ಈಚಿನ ಚಿಮ್ನಿಗಳಲ್ಲಿ, ರಿಪೇರಿ ಆದ ಹಳೆಯ ಚಿಮ್ನಿಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯೂ ಇರುತ್ತದೆ. ಫೈರ್‌ಪ್ಲೇಸ್‌ನ ಮೇಲೆ, ಫ್ಲೂ ಶುರುವಾಗುವ ಕಡೆ, ತೆರೆದು ಮುಚ್ಚಲು ಬರುವ ಲೋಹದ ತಟ್ಟೆಯೇ ಡ್ಯಾಂಪರ್. ಚಿಮ್ನಿಯ ನೆತ್ತಿಯ ಮೇಲಿನ ಸಿಮೆಂಟ್ ಹಾಸು ಕ್ರೌನ್. ಅದರ ಮೇಲೆ ಜಾಲರಿ ಇರುವ ಟೋಪಿಯೇ ಕ್ಯಾಪ್. ಚಿಮ್ನಿ ಪರೀಕ್ಷಿಸಿ ಗುಡಿಸುವ ಕೆಲಸದವರನ್ನು ಇಲ್ಲಿ ಸ್ವೀಪ್ ಅನ್ನುತ್ತಾರೆ. ಅವರು ಬಂದಾಗ ಈ ಹೆಸರುಗಳು ಗೊತ್ತಿದ್ದರೆ ಅವರು ಏನು ಹೇಳುತ್ತಿದ್ದಾರೆ ಎಂಬುದು ಸುಲಭವಾಗಿ ಅರ್ಥವಾಗುತ್ತದೆ.

ಒಳಗೆ ಕಟ್ಟುವುದು ಬರೀ ಮಸಿ ಅಲ್ಲ

ಸೌದೆ ಪೂರ್ತಿ ಉರಿಯುವುದಿಲ್ಲ. ಹೊಗೆಯಲ್ಲಿ ನೀರಿನ ಆವಿ, ಟಾರಿನಂಥ ಆವಿ, ಉರಿಯದೆ ಉಳಿದ ಸಣ್ಣ ಕಣಗಳು ಇರುತ್ತವೆ. ಫ್ಲೂ ಒಳಗಿನ ಬಿಸಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಂದರೆ ಇವು ಗೋಡೆಗೆ ಅಂಟಿಕೊಂಡು ಗಟ್ಟಿಯಾಗುತ್ತವೆ. ಇದೇ ಕ್ರಿಯೊಸೋಟ್. ಇದು ಚೆನ್ನಾಗಿ ಉರಿಯುತ್ತದೆ, ಅಪಾಯ ಇರುವುದೇ ಅಲ್ಲಿ.

ಕ್ರಿಯೊಸೋಟ್ ಮೂರು ಹಂತದಲ್ಲಿ ಕಾಣಸಿಗುತ್ತದೆ. ಮೊದಲನೆಯದು ಪುಡಿಪುಡಿ ಮಸಿ. ಬ್ರಶ್ ಆಡಿಸಿದರೆ ಉದುರಿಬಿಡುತ್ತದೆ. ಎರಡನೆಯದು ಕಪ್ಪಗೆ ಹೊಳೆಯುವ ಗಟ್ಟಿ ಚಕ್ಕೆಗಳು. ಇದನ್ನು ತೆಗೆಯಲು ಜಾಸ್ತಿ ಶ್ರಮ ಬೇಕು. ಮೂರನೆಯದು ಟಾರ್ ಸುರಿದು ಒಣಗಿಸಿದ ಹಾಗೆ ಹೊಳೆಯುವ ದಪ್ಪ ಪದರ. ಇದಕ್ಕೆ ಸಾಮಾನ್ಯ ಬ್ರಶ್ ಏನೂ ಮಾಡಲಾರದು. ರಾಸಾಯನಿಕ ಹಾಕಿಯೋ ವಿಶೇಷ ಯಂತ್ರದಿಂದಲೋ ತೆಗೆಯಬೇಕು, ಕೆಲವೊಮ್ಮೆ ಲೈನರನ್ನೇ ಬದಲಿಸಬೇಕಾಗುತ್ತದೆ. ಈ ಪದರಕ್ಕೆ ಬೆಂಕಿ ಹತ್ತಿದರೆ ಫ್ಲೂ ಒಳಗೆ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಬಿಸಿ ಏರಬಹುದು. ಜೇಡಿಮಣ್ಣಿನ ಟೈಲ್‌ಗಳು ಅದನ್ನು ತಡೆಯಲಾರದೆ ಸೀಳುತ್ತವೆ.

ಚಿಮ್ನಿ ಸೇಫ್ಟಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ (ಸಿಎಸ್‌ಐಎ) ಹೇಳುವ ಅಳತೆ ಇಂಚಿನ ಎಂಟನೇ ಒಂದು ಭಾಗ, ಅಂದರೆ 3 ಮಿಲಿಮೀಟರ್‌ಗಿಂತ ಚೂರು ಜಾಸ್ತಿ. ಎರಡು ಪೆನ್ನಿ ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟರೆ ಹೆಚ್ಚು ಕಡಿಮೆ ಅಷ್ಟಾಗುತ್ತದೆ. ಪದರ ಅಷ್ಟು ದಪ್ಪವಾಗಿದ್ದರೆ ಬೆಂಕಿ ಹಾಕುವುದನ್ನು ನಿಲ್ಲಿಸಿ ಕ್ಲೀನ್ ಮಾಡಿಸಬೇಕು. ಹೊಳೆಯುವ ಪದರ ಕಂಡರೆ ದಪ್ಪ ಅಳೆಯುವುದೇ ಬೇಡ, ತಕ್ಷಣ ಕರೆಯಿರಿ. ಕಾರ್ಖಾನೆಯಲ್ಲಿ ತಯಾರಾಗಿ ಬರುವ ಲೋಹದ ಫೈರ್‌ಪ್ಲೇಸ್ ಆದರೆ ಇನ್ನೂ ಬಿಗಿ. ಅದರಲ್ಲಿ 3 ಮಿಲಿಮೀಟರ್‌ವರೆಗೂ ಕಾಯುವ ಹಾಗಿಲ್ಲ, ಪದರ ಕಾಣುವಷ್ಟು ಕಟ್ಟಿದರೆ ಸಾಕು.

ನಿಮ್ಮ ಮನೆಯಲ್ಲಿ ಇರುವುದು ಯಾವುದು?

ಸೌದೆ ಹಾಕುವ ತೆರೆದ ಫೈರ್‌ಪ್ಲೇಸ್, ಅದರಲ್ಲೂ ಹಬ್ಬಕ್ಕೋ ನೆಂಟರು ಬಂದಾಗಲೋ ಮಾತ್ರ ಹಚ್ಚುವುದಾದರೆ, ವರ್ಷಕ್ಕೊಂದು ಪರೀಕ್ಷೆ ಸಾಕು. ಕ್ಲೀನಿಂಗ್ ಕೆಲವು ವರ್ಷ ಬೇಡದೆಯೂ ಇರಬಹುದು. ಅದನ್ನು ಹೇಳಬೇಕಾದವರು ನೋಡಿದವರು, ನಾವು ಊಹಿಸುವುದಲ್ಲ.

ಮನೆ ಬಿಸಿ ಮಾಡಲು ವುಡ್ ಸ್ಟವ್ ಬಳಸುವವರ ಕಥೆ ಬೇರೆ. ವರ್ಮಾಂಟ್, ಮಿನ್ನೆಸೋಟ, ಒಂಟಾರಿಯೊ ಕಡೆ ಇಂಥ ಮನೆಗಳು ಬೇಕಾದಷ್ಟಿವೆ. ರಾತ್ರಿ ಮಲಗುವಾಗ ಗಾಳಿ ಕಡಿಮೆ ಮಾಡಿ ಬೆಂಕಿಯನ್ನು ಬೆಳಗಿನವರೆಗೆ ಎಳೆಯುವುದು ಅವರ ರೂಢಿ. ಆದರೆ ಕ್ರಿಯೊಸೋಟ್ ಜಾಸ್ತಿ ಕಟ್ಟುವುದು ಆ ನಿಧಾನದ ಬೆಂಕಿಯಲ್ಲೇ. ಇಂಥವರು ಚಳಿಗಾಲದಲ್ಲಿ ತಿಂಗಳಿಗೊಮ್ಮೆ ತಾವೇ ಕೊಳವೆ ನೋಡಿಕೊಳ್ಳಬೇಕು. ಹೊಸ ಸ್ಟವ್ ಅಥವಾ ಹೊಸ ಕಡೆಯಿಂದ ತಂದ ಸೌದೆ ಆದರೆ ಮೊದಲ ತಿಂಗಳು ಇನ್ನೂ ಬೇಗ ನೋಡಿ. ಒಂದೇ ಚಳಿಗಾಲದಲ್ಲಿ ಎರಡು ಸಲ ಕ್ಲೀನ್ ಮಾಡಿಸಬೇಕಾಗಿ ಬಂದರೆ ಅದು ದುಂದು ಖರ್ಚಲ್ಲ.

ಚಿಮ್ನಿ ಮನೆಯ ಹೊರಗೋಡೆಗೆ ಅಂಟಿಕೊಂಡಿದ್ದರೆ ಮನೆಯ ನಡುವೆ ಇರುವ ಚಿಮ್ನಿಗಿಂತ ಬೇಗ ತಣ್ಣಗಾಗುತ್ತದೆ, ಮಸಿಯೂ ಜಾಸ್ತಿ ಕಟ್ಟುತ್ತದೆ. ಪಕ್ಕದ ಮನೆಯವರ ಲೆಕ್ಕ ನಿಮ್ಮ ಮನೆಗೆ ಹೊಂದುವುದಿಲ್ಲ ಎನ್ನಲು ಇದೂ ಒಂದು ಕಾರಣ.

ಗ್ಯಾಸ್ ಫೈರ್‌ಪ್ಲೇಸ್ ಇರುವವರು ‘ಇದರಲ್ಲಿ ಹೊಗೆಯೇ ಇಲ್ಲ, ಪರೀಕ್ಷೆ ಯಾಕೆ?’ ಎನ್ನುತ್ತಾರೆ. ಮಸಿ ಕಡಿಮೆ, ನಿಜ. ಆದರೆ ಗ್ಯಾಸ್ ಉರಿದಾಗ ನೀರಿನ ಆವಿ ಬಹಳ ಬರುತ್ತದೆ. ತಣ್ಣನೆಯ ಇಟ್ಟಿಗೆ ಚಿಮ್ನಿಯೊಳಗೆ ಆ ಆವಿ ನೀರಾಗಿ, ಆಮ್ಲದ ಅಂಶ ಸೇರಿ, ಗಾರೆಯನ್ನು ತಿನ್ನುತ್ತದೆ. ಮೇಲೆ ಹಕ್ಕಿ ಗೂಡು ಕಟ್ಟಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೇ ಉಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೌದೆಯ ಹೊಗೆ ತಿರುಗಿ ಬಂದರೆ ಕೆಮ್ಮು ಬಂದಾದರೂ ಗೊತ್ತಾಗುತ್ತದೆ. ಗ್ಯಾಸಿನದ್ದು ಗೊತ್ತೇ ಆಗುವುದಿಲ್ಲ. ಸೌದೆಯ ಫೈರ್‌ಪ್ಲೇಸ್‌ನಲ್ಲೇ ಗ್ಯಾಸ್ ಲಾಗ್ (ಸೌದೆಯಂತೆ ಕಾಣುವ ಗ್ಯಾಸ್ ಬರ್ನರ್) ಕೂರಿಸಿದ್ದರೆ ಡ್ಯಾಂಪರ್ ಪೂರ್ತಿ ಮುಚ್ಚದಂತೆ ಒಂದು ಕ್ಲ್ಯಾಂಪ್ ಹಾಕಿರಬೇಕು. ಅದು ಇದೆಯಾ ಎಂದು ಇವತ್ತೇ ನೋಡಿ.

ಫೈರ್‌ಪ್ಲೇಸ್ ಇಲ್ಲದವರೂ ಒಮ್ಮೆ ಬೇಸ್‌ಮೆಂಟ್‌ಗೆ ಇಳಿಯಬೇಕು. ಹಳೆಯ ಮನೆಗಳಲ್ಲಿ ಮನೆ ಬಿಸಿ ಮಾಡುವ ಫರ್ನೇಸ್ ಮತ್ತು ನೀರು ಕಾಯಿಸುವ ಹೀಟರ್ ಎರಡೂ ಒಂದೇ ಚಿಮ್ನಿಗೆ ಸೇರಿರುತ್ತಿದ್ದವು. ಆಮೇಲೆ ಯಾರೋ ಹೊಸ ಹೈ ಎಫಿಶಿಯೆನ್ಸಿ ಫರ್ನೇಸ್ ಹಾಕಿಸುತ್ತಾರೆ. ಅದರ ಹೊಗೆ ಪ್ಲಾಸ್ಟಿಕ್ ಕೊಳವೆಯಲ್ಲಿ ಗೋಡೆಯಿಂದಲೇ ಹೊರಗೆ ಹೋಗುತ್ತದೆ. ವಾಟರ್ ಹೀಟರ್ ಒಂದೇ ಆ ದೊಡ್ಡ ಚಿಮ್ನಿಗೆ ಉಳಿದುಬಿಡುತ್ತದೆ. ಅಷ್ಟು ಸಣ್ಣ ಉರಿಯಿಂದ ಅಷ್ಟು ದೊಡ್ಡ ಗೂಡು ಬಿಸಿಯಾಗುವುದಿಲ್ಲ. ಹೊಗೆ ಮೇಲೆ ಏರದೆ ಕೆಳಗೇ ಸುತ್ತಬಹುದು. ನಿಮ್ಮ ಮನೆಯಲ್ಲಿ ಫರ್ನೇಸ್ ಹೊಸದಾಗಿದ್ದು ವಾಟರ್ ಹೀಟರ್ ಮಾತ್ರ ಚಿಮ್ನಿಗೆ ಹೋಗುತ್ತಿದ್ದರೆ, ಅಳತೆಗೆ ತಕ್ಕ ಲೈನರ್ ಹಾಕಿದ್ದಾರಾ ಎಂದು ಕೇಳಿ. ಬಹಳ ಮನೆಗಳಲ್ಲಿ ಯಾರೂ ಕೇಳದೆ ಉಳಿದ ಪ್ರಶ್ನೆ ಇದು.

ಜರ್ಮನಿಯಲ್ಲಿ ಇರುವವರಿಗೆ ಈ ಲೆಕ್ಕವೇ ಬೇರೆ. ಅಲ್ಲಿ ಯಾವ ಕೆಲಸ ಎಷ್ಟು ಸಲ ಆಗಬೇಕು ಎಂದು ಆ ಪ್ರದೇಶಕ್ಕೆ ನೇಮಕವಾದ ಚಿಮ್ನಿ ಸ್ವೀಪ್ ಲಿಖಿತವಾಗಿ ತಿಳಿಸುತ್ತಾರೆ. ಅದನ್ನು ಪಾಲಿಸುವುದು ಕಾನೂನು.

ವರ್ಷದಲ್ಲಿ ಯಾವಾಗ ಕರೆಯಬೇಕು

ಚಳಿಗಾಲ ಮುಗಿದ ಕೂಡಲೇ ಕರೆಯುವುದು ಒಳ್ಳೆಯದು. ಮಾರ್ಚ್ ಕೊನೆ, ಏಪ್ರಿಲ್ ಸರಿಯಾದ ಕಾಲ. ಬೇಸಿಗೆಯ ತೇವದ ಗಾಳಿ ಉಳಿದ ಮಸಿಗೆ ಸೇರಿದರೆ ಮನೆ ತುಂಬ ಸುಟ್ಟ ವಾಸನೆ ಬರುತ್ತದೆ, ಲೋಹದ ಭಾಗಗಳು ತುಕ್ಕು ಹಿಡಿಯುತ್ತವೆ. ರಿಪೇರಿ ಬೇಕೆಂದರೆ ಗಾರೆ ಕೆಲಸಕ್ಕೆ ಬೇಸಿಗೆ ಪೂರ್ತಿ ಕೈಯಲ್ಲಿರುತ್ತದೆ. ಎಲ್ಲರೂ ಕರೆಯುವುದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ. ಆಗ ಸ್ವೀಪ್‌ಗಳು ಸುಲಭಕ್ಕೆ ಸಿಗುವುದಿಲ್ಲ. ದೀಪಾವಳಿಗೆ ಮನೆಗೆ ಜನ ಕರೆದು, ಹಿಂದಿನ ವಾರ ಫೋನ್ ಮಾಡಿದರೆ ಡಿಸೆಂಬರ್ ತಾರೀಕು ಕೊಡುತ್ತಾರೆ.

ವಸಂತದಲ್ಲೇ ಮುಗಿಸಲು ಇನ್ನೊಂದು ಕಾರಣ ಚಿಮ್ನಿ ಸ್ವಿಫ್ಟ್ ಎಂಬ ಪುಟ್ಟ ಹಕ್ಕಿ. ಇವು ಚಳಿಗಾಲವನ್ನು ದಕ್ಷಿಣ ಅಮೆರಿಕದಲ್ಲಿ ಕಳೆದು, ವಸಂತದಲ್ಲಿ ಉತ್ತರ ಅಮೆರಿಕದ ಪೂರ್ವಭಾಗಕ್ಕೆ ಬಂದು ಚಿಮ್ನಿಯ ಒಳಗೋಡೆಗೆ ಗೂಡು ಅಂಟಿಸುತ್ತವೆ. ಅಮೆರಿಕದ 1918ರ ವಲಸೆ ಹಕ್ಕಿ ಕಾಯ್ದೆಯ ರಕ್ಷಣೆ ಇವಕ್ಕಿದೆ. ಮೊಟ್ಟೆ ಅಥವಾ ಮರಿ ಇರುವ ಗೂಡನ್ನು ತೆಗೆಯುವ ಹಾಗಿಲ್ಲ. ಕೆನಡಾದಲ್ಲಿ ಇದು ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲೂ ಇದೆ. ಬೇಸಿಗೆಯಲ್ಲಿ ಚಿಮ್ನಿಯಿಂದ ಚಿಲಿಪಿಲಿ ಕೇಳಿದರೆ ಡ್ಯಾಂಪರ್ ಮುಚ್ಚಿ ಸುಮ್ಮನಿರಿ. ಶರತ್ಕಾಲದಲ್ಲಿ ಅವು ಹೊರಟ ಮೇಲೆ ಗೂಡು ತೆಗೆಸಿ, ಕ್ಯಾಪ್ ಹಾಕಿಸಿ. ಕೆಲವು ತಿಂಗಳು ತಾಳಿಕೊಳ್ಳುವುದು ದೊಡ್ಡ ಕಷ್ಟವೇನಲ್ಲ, ಅಲ್ವಾ?

ನೀವೇ ಮಾಡಬಹುದಾದ ತಪಾಸಣೆ

ಇದು ಸ್ವೀಪ್ ಮಾಡುವ ಪರೀಕ್ಷೆಗೆ ಬದಲಿ ಅಲ್ಲ. ಆದರೆ ವರ್ಷದ ನಡುವೆ ಏನಾಗುತ್ತಿದೆ ಎಂದು ತಿಳಿಯಲು ಇದೇ ದಾರಿ. ಬೇಕಾಗುವ ವಸ್ತುಗಳು: ಒಳ್ಳೆಯ ಟಾರ್ಚ್, ಫೋನ್, ಕೈಗವಸು, ಕಣ್ಣಿಗೆ ಕನ್ನಡಕ, ಎನ್95 ಮಾಸ್ಕ್. ಮಾಸ್ಕ್ ಬಿಡಬೇಡಿ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಚಿಮ್ನಿ ಗುಡಿಸುವವರಲ್ಲಿ ಕಾಣುತ್ತಿದ್ದ ಕ್ಯಾನ್ಸರ್‌ಗೆ ಮಸಿ ಕಾರಣ ಎಂದು ಬರೆದಿದ್ದರು. ಕೆಲಸದಿಂದ ಕ್ಯಾನ್ಸರ್ ಬರುತ್ತದೆ ಎಂದು ಗುರುತಿಸಿದ ಮೊದಲ ಉದಾಹರಣೆಗಳಲ್ಲಿ ಅದೂ ಒಂದು. ಮಸಿಯನ್ನು ಸಾದಾ ಕೊಳೆ ಎಂದುಕೊಳ್ಳಬಾರದು.

1. ಕೊನೆಯ ಬೆಂಕಿ ಆರಿ ಕನಿಷ್ಠ ಒಂದು ದಿನವಾದರೂ ಆಗಿರಲಿ. ಆದರೂ ಬೂದಿಯ ಅಡಿಯಲ್ಲಿ ಕೆಂಡ ಹಲವು ದಿನ ಜೀವಂತ ಇರಬಹುದು. ಬೂದಿಯನ್ನು ಮುಚ್ಚಳ ಇರುವ ಲೋಹದ ಡಬ್ಬಿಗೆ ಹಾಕಿ, ಮನೆಯಿಂದ ದೂರ, ಬರಿಯ ನೆಲದ ಮೇಲೆ ಇಡಿ. ಮರದ ಡೆಕ್ ಮೇಲೆ, ಗ್ಯಾರೇಜಿನಲ್ಲಿ ಇಡಲೇಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಇದಕ್ಕೆ ಬೇಡ. ಅಡಗಿದ ಕೆಂಡ ಅದರೊಳಗೇ ಹೊತ್ತಿಕೊಳ್ಳಬಹುದು, ಸಣ್ಣ ಮಸಿ ಫಿಲ್ಟರ್ ದಾಟಿ ಮನೆಯೆಲ್ಲ ಹರಡುತ್ತದೆ.

2. ಡ್ಯಾಂಪರ್ ತೆರೆದು ಮುಚ್ಚಿ ನೋಡಿ. ಪೂರ್ತಿ ತೆರೆಯಬೇಕು. ಸೊಟ್ಟಗಾಗಿದ್ದರೆ ಹಿಂದೆ ಎಂದೋ ಒಳಗೆ ಬೆಂಕಿ ಹತ್ತಿರಬಹುದು.

3. ಡ್ಯಾಂಪರ್ ತೆರೆದು ಟಾರ್ಚ್ ಹಿಡಿದು ಮೇಲೆ ನೋಡಿ, ಫೋನಿನಲ್ಲಿ ಫೋಟೊ ತೆಗೆಯಿರಿ. ಮಸಿ ಪುಡಿಯಾಗಿದೆಯಾ, ಚಕ್ಕೆಯಾ, ಹೊಳೆಯುತ್ತಿದೆಯಾ? ಜೇನುಗೂಡಿನ ಹಾಗೆ ಉಬ್ಬಿದ್ದರೆ ಅದೂ ಹಳೆಯ ಚಿಮ್ನಿ ಬೆಂಕಿಯ ಗುರುತೇ.

4. ಕೆಂಡ ಕೆದಕುವ ಸಲಾಕೆಯಿಂದ ಕೈಗೆ ಎಟಕುವ ಕಡೆ ಮಸಿಯನ್ನು ಕೆರೆಯಿರಿ. ಬಿದ್ದ ಗೀರಿನ ಆಳ ಎಷ್ಟು ಎಂದು ನೋಡಿ. ಎರಡು ಪೆನ್ನಿಯಷ್ಟಿದ್ದರೆ ನಿಮ್ಮ ತಪಾಸಣೆ ಅಲ್ಲಿಗೇ ಮುಗಿಯಿತು, ಫೋನ್ ಮಾಡಿ. ಕೆಳಗೆ ಕಡಿಮೆ ಇದ್ದು ಮೇಲೆ, ತಣ್ಣಗಿನ ಭಾಗದಲ್ಲಿ, ಜಾಸ್ತಿ ಇರುವುದೂ ಉಂಟು. ಕೆಳಗೆ ಸ್ವಚ್ಛ ಕಂಡ ಮಾತ್ರಕ್ಕೆ ಚಿಮ್ನಿ ಪೂರ್ತಿ ಸ್ವಚ್ಛ ಎನ್ನಲಾಗದು.

5. ಹೊರಗೆ ಬಂದು ಅಂಗಳದಲ್ಲಿ ನಿಂತು ಬೈನಾಕ್ಯುಲರ್‌ನಲ್ಲಿ ಚಿಮ್ನಿ ನೋಡಿ. ಸುಮ್ನೆ ಛಾವಣಿ ಹತ್ತುವುದು ಬೇಡ, ಹಿಮ ಅಥವಾ ಒದ್ದೆ ಇದ್ದಾಗಂತೂ ಖಂಡಿತ ಬೇಡ. ಕ್ಯಾಪ್ ಇದೆಯಾ? ಕ್ರೌನ್ ಬಿರುಕು ಬಿಟ್ಟಿದೆಯಾ? ಇಟ್ಟಿಗೆಯ ಮುಖ ಉದುರುತ್ತಿದೆಯಾ? ಬಿಳಿ ಉಪ್ಪಿನಂಥ ಕಲೆ ಕಂಡರೆ ಇಟ್ಟಿಗೆಯೊಳಗೆ ನೀರು ಓಡಾಡುತ್ತಿದೆ ಎಂದರ್ಥ. ಚಿಮ್ನಿ ವಾಲಿದ್ದರೆ ತಡಮಾಡಬೇಡಿ. ಎತ್ತರಕ್ಕೂ ಒಂದು ನಿಯಮ ಇದೆ. ಛಾವಣಿಯಿಂದ ಹೊರಬರುವ ಕಡೆಯಿಂದ ಕನಿಷ್ಠ 3 ಅಡಿ, ಮತ್ತು ಸುತ್ತ 10 ಅಡಿಯೊಳಗೆ ಇರುವ ಯಾವುದೇ ಭಾಗಕ್ಕಿಂತ 2 ಅಡಿ ಎತ್ತರ ಇರಬೇಕು.

6. ಕೊನೆಗೆ ಊದುಬತ್ತಿ ಪರೀಕ್ಷೆ. ಡ್ಯಾಂಪರ್ ತೆರೆದು, ಫೈರ್‌ಪ್ಲೇಸ್‌ನ ಬಾಯಿಯ ಮೇಲಂಚಿನಲ್ಲಿ ಹಚ್ಚಿದ ಊದುಬತ್ತಿ ಹಿಡಿಯಿರಿ. ಹೊಗೆ ಮೇಲಕ್ಕೆ ಎಳೆದುಕೊಂಡರೆ ಸರಿ. ಕೋಣೆಯ ಕಡೆ ತಿರುಗಿದರೆ ಬೆಂಕಿ ಹಾಕಬೇಡಿ. ಈಗ ಅಡುಗೆಮನೆಯ ಎಕ್ಸಾಸ್ಟ್ ಹುಡ್ಡನ್ನು ಜೋರಾಗಿ ಹಾಕಿ, ಇದನ್ನೇ ಮತ್ತೆ ಮಾಡಿ.

ಈ ಆರನೆಯ ಹೆಜ್ಜೆಯ ಎರಡನೆಯ ಭಾಗ ನಮ್ಮ ಮನೆಗಳಿಗೆ ಬಹಳ ಮುಖ್ಯ. ಒಗ್ಗರಣೆ ಹಾಕುವಾಗ, ಮೆಣಸಿನಕಾಯಿ ಹುರಿಯುವಾಗ, ಪೂರಿ ಕರಿಯುವಾಗ ನಾವು ಹುಡ್ಡನ್ನು ಪೂರ್ತಿ ವೇಗದಲ್ಲಿ ಓಡಿಸುತ್ತೇವೆ. ಹೊಸ ಮನೆಗಳು ಗಾಳಿ ನುಸುಳದಷ್ಟು ಬಿಗಿ. ಹುಡ್ ಹೊರಗೆ ಎಳೆದ ಗಾಳಿಯ ಜಾಗಕ್ಕೆ ಬೇರೆ ಗಾಳಿ ಎಲ್ಲಿಂದಲೋ ಬರಲೇಬೇಕು. ಸುಲಭವಾಗಿ ತೆರೆದಿರುವ ದಾರಿ ಚಿಮ್ನಿ. ಹೊಗೆಯ ಜೊತೆ ಕಾರ್ಬನ್ ಮಾನಾಕ್ಸೈಡ್ ಕೂಡ ಕೋಣೆಗೆ ಇಳಿಯುತ್ತದೆ. ವಸತಿ ಕಟ್ಟಡ ಸಂಹಿತೆಯಲ್ಲಿ ನಿಮಿಷಕ್ಕೆ 400 ಘನ ಅಡಿಗಿಂತ ಜಾಸ್ತಿ ಎಳೆಯುವ ಹುಡ್‌ಗೆ ಹೊರಗಿನ ಗಾಳಿ ಒಳಬರುವ ವ್ಯವಸ್ಥೆ ಕೇಳುವುದು ಇದೇ ಕಾರಣಕ್ಕೆ. ಆ ವ್ಯವಸ್ಥೆ ಇಲ್ಲದಿದ್ದರೆ ಬೆಂಕಿ ಉರಿಯುವಾಗ ಹುಡ್ ಹಾಕಬೇಡಿ. ಹಾಕಲೇಬೇಕಾದರೆ ಹುಡ್ ಹತ್ತಿರದ ಕಿಟಕಿ ತೆರೆಯಿರಿ. ನೆಂಟರು ತುಂಬಿದ ದಿನವೇ ಫೈರ್‌ಪ್ಲೇಸ್, ಎಣ್ಣೆಯ ಬಾಣಲೆ ಎರಡೂ ಒಟ್ಟಿಗೆ ಉರಿಯುವುದು. ಅದಕ್ಕೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹೊಗೆ ಅಲಾರಂ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡೂ ಪ್ರತಿ ಮಹಡಿಯಲ್ಲಿ ಇರಲಿ. ಮಲಗುವ ಕೋಣೆಗಳ ಹೊರಗಂತೂ ಇರಲೇಬೇಕು.

ಪರೀಕ್ಷೆಯ ಮೂರು ಮಟ್ಟ

ಎನ್‌ಎಫ್‌ಪಿಎ ಪರೀಕ್ಷೆಯನ್ನು ಮೂರು ಮಟ್ಟಗಳಾಗಿ ವಿಂಗಡಿಸಿದೆ. ಒಂದನೇ ಮಟ್ಟ ವಾರ್ಷಿಕ ಪರೀಕ್ಷೆ. ಬಳಕೆ ಮೊದಲಿನಂತೆಯೇ ಇದ್ದು ಏನೂ ಬದಲಾಗದಿದ್ದರೆ ಇದು ಸಾಕು. ಸುಲಭವಾಗಿ ಕಾಣುವ ಭಾಗಗಳನ್ನು ನೋಡುತ್ತಾರೆ.

ಎರಡನೇ ಮಟ್ಟದಲ್ಲಿ ಕ್ಯಾಮೆರಾ ಇಳಿಸಿ ಫ್ಲೂ ಉದ್ದಕ್ಕೂ ನೋಡುತ್ತಾರೆ. ಅಟ್ಟ, ಬೇಸ್‌ಮೆಂಟ್, ನೆಲದಡಿಯ ಜಾಗವನ್ನೂ ಪರೀಕ್ಷಿಸುತ್ತಾರೆ. ಮನೆ ಕೈ ಬದಲಾಗುವಾಗ ಇದು ಬೇಕು. ಮನೆ ಕೊಳ್ಳುವವರೇ, ಇಲ್ಲಿ ಸ್ವಲ್ಪ ಗಮನ ಕೊಡಿ. ಹೋಮ್ ಇನ್‌ಸ್ಪೆಕ್ಟರ್ ಬಂದು ಟಾರ್ಚ್ ಬಿಟ್ಟು ನೋಡಿ ಹೋಗುವುದು ಎರಡನೇ ಮಟ್ಟದ ಪರೀಕ್ಷೆ ಅಲ್ಲ. ಚಿಮ್ನಿಗೆ ಬೇರೆಯಾಗಿ ಸರ್ಟಿಫೈಡ್ ಸ್ವೀಪ್ ಕರೆಸಿ, ಕರಾರಿಗೆ ಸಹಿ ಹಾಕುವ ಮುಂಚೆಯೇ, ಅಥವಾ ಪರೀಕ್ಷೆಗೆ ಕೊಟ್ಟ ಅವಧಿಯೊಳಗೆ. ಲೈನರ್ ಬದಲಿಸಲು ಸಾವಿರಾರು ಡಾಲರ್ ಬೇಕಾಗುತ್ತದೆ. ಆ ಮಾತು ಮಾರುವವರ ಜೊತೆ ಆಗಬೇಕು.

ಸ್ಟವ್ ಬದಲಿಸಿದಾಗ, ಸೌದೆಯಿಂದ ಗ್ಯಾಸ್‌ಗೆ ಹೋದಾಗ, ಚಿಮ್ನಿಗೆ ಬೆಂಕಿ ಬಿದ್ದಾಗ, ಬಿರುಗಾಳಿ ಅಥವಾ ಭೂಕಂಪದ ನಂತರ ಕೂಡ ಎರಡನೇ ಮಟ್ಟವೇ. ಪಶ್ಚಿಮ ಕರಾವಳಿಯಲ್ಲಿ ಇರುವವರಿಗೆ ಇದು ದೂರದ ಮಾತಲ್ಲ. 2001ರಲ್ಲಿ ಸಿಯಾಟಲ್ ಕಡೆ ಆದ ನಿಸ್ಕ್ವಾಲಿ ಭೂಕಂಪ, 2014ರ ನಾಪಾ ಭೂಕಂಪ ಎರಡರಲ್ಲೂ ಹಳೆಯ ಇಟ್ಟಿಗೆ ಚಿಮ್ನಿಗಳು ಬಿದ್ದವು. ನಿಂತೇ ಇರುವ ಚಿಮ್ನಿಯೊಳಗೂ ಟೈಲ್‌ಗಳ ಜೋಡಣೆ ತಪ್ಪಿರಬಹುದು.

ಮೂರನೇ ಮಟ್ಟದಲ್ಲಿ ಗೋಡೆ ಅಥವಾ ಕ್ರೌನ್ ಒಡೆದು ನೋಡುತ್ತಾರೆ. ಗಂಭೀರ ಅನುಮಾನ ಇದ್ದಾಗ ಮಾತ್ರ.

ಯಾರನ್ನು ಕರೆಯಬೇಕು, ಏನು ಕೇಳಬೇಕು

ಅಮೆರಿಕದಲ್ಲಿ ಸಿಎಸ್‌ಐಎ ಪ್ರಮಾಣಪತ್ರ ಇರುವವರನ್ನು ಹುಡುಕಿ. ಅದನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ತಾರೀಕು ನೋಡಿ. ಕೆನಡಾದಲ್ಲಿ ವೆಟ್ ಎಂಬ ಸಂಸ್ಥೆಯ ಪ್ರಮಾಣಪತ್ರಕ್ಕೆ ಬೆಲೆ ಇದೆ. ವುಡ್ ಸ್ಟವ್ ಇರುವ ಮನೆಗೆ ವಿಮೆ ಕೊಡುವ ಮುಂಚೆ ಅನೇಕ ಕಂಪನಿಗಳು ವೆಟ್ ವರದಿ ಕೇಳುತ್ತವೆ. ಪ್ರಮಾಣಪತ್ರ ಕಂಪನಿಗೆ ಇದೆ ಅಂದರೆ ಸಾಲದು, ಮನೆಗೆ ಬರುವ ವ್ಯಕ್ತಿಗೆ ಇದೆಯಾ ಎಂದು ಕೇಳಿ. ಹೊಣೆಗಾರಿಕೆಯ ವಿಮೆ ಇದೆಯಾ, ಯಾವ ಮಟ್ಟದ ಪರೀಕ್ಷೆ ಮಾಡುತ್ತಾರೆ, ಫೋಟೊ ಸಹಿತ ಲಿಖಿತ ವರದಿ ಕೊಡುತ್ತಾರಾ ಎಂಬುದನ್ನೂ ಫೋನಿನಲ್ಲೇ ಕೇಳಿಬಿಡಿ.

ತೀರಾ ಅಗ್ಗದ ಕೂಪನ್ ನೋಡಿ ಕರೆಯಬೇಡಿ. ಅಗ್ಗದ ದರಕ್ಕೆ ಮನೆಯೊಳಗೆ ಬಂದು, ‘ನಿಮ್ಮ ಲೈನರ್ ಹೋಗಿದೆ, ಇವತ್ತೇ ಬದಲಿಸದಿದ್ದರೆ ಪ್ರಾಣಕ್ಕೆ ಅಪಾಯ’ ಎಂದು ಹೆದರಿಸಿ ದೊಡ್ಡ ಬಿಲ್ ಮಾಡುವುದು ಈ ವ್ಯವಹಾರದಲ್ಲಿ ಹಳೆಯ ಮೋಸ. ಅವರು ಹೇಳಿದ್ದು ನಿಜವೂ ಇರಬಹುದು. ಹಾಗಿದ್ದರೆ ಬಿರುಕನ್ನು ಕ್ಯಾಮೆರಾದಲ್ಲಿ ತೋರಿಸಲಿ, ಅದು ನಿಮ್ಮದೇ ಚಿಮ್ನಿಯ ಚಿತ್ರ ಎಂದು ಖಾತ್ರಿ ಮಾಡಿಕೊಳ್ಳಿ. ಬೆಂಕಿ ಹಾಕುವುದನ್ನು ನಿಲ್ಲಿಸಿ, ಇನ್ನೊಬ್ಬರಿಂದ ಅಭಿಪ್ರಾಯ ತೆಗೆದುಕೊಳ್ಳಿ. ಬೆಂಕಿ ಹಾಕದಿರುವ ಫೈರ್‌ಪ್ಲೇಸ್ ರಿಪೇರಿಗೆ ಒಂದು ವಾರ ಕಾಯಬಲ್ಲದು. ಬಿಸಿಗೆ ಅದೇ ಆಧಾರವಾಗಿದ್ದರೆ ಮಾತ್ರ ಬೇಗ ಓಡಾಡಬೇಕಾಗುತ್ತದೆ.

ಸ್ವೀಪ್ ಬರುವ ದಿನ ಫೈರ್‌ಪ್ಲೇಸ್ ಪೂರ್ತಿ ತಣ್ಣಗಿರಲಿ. ಅದರ ಮೇಲಿನ ಹಲಗೆಯ ಮೇಲೆ ಇಟ್ಟ ಫೋಟೊ, ಗಣಪತಿ ವಿಗ್ರಹ, ದೀಪ ಎಲ್ಲ ತೆಗೆದಿಡಿ. ಮುಂದೆ ಐದಾರು ಅಡಿ ಜಾಗ ಖಾಲಿ ಮಾಡಿ. ಅವರು ಹೊದಿಕೆ ಹಾಸಿ, ಫೈರ್‌ಪ್ಲೇಸ್‌ನ ಬಾಯಿ ಮುಚ್ಚಿ, ಉದ್ದದ ಕಡ್ಡಿಗಳಿಗೆ ಬ್ರಶ್ ಸೇರಿಸಿ ಫ್ಲೂ ಗುಡಿಸುತ್ತಾರೆ. ಜೇಡಿಮಣ್ಣಿನ ಟೈಲ್‌ಗೆ ತಂತಿಯ ಬ್ರಶ್, ಸ್ಟೇನ್‌ಲೆಸ್ ಲೈನರ್‌ಗೆ ಪ್ಲಾಸ್ಟಿಕ್ ಬ್ರಶ್ ಬಳಸುವುದು ರೂಢಿ. ಡ್ಯಾಂಪರ್ ಹಿಂದೆ ಒಂದು ಪುಟ್ಟ ಕಟ್ಟೆ ಇರುತ್ತದೆ. ಮೇಲಿನಿಂದ ಉದುರಿದ್ದೆಲ್ಲ ಅಲ್ಲಿ ಕೂತಿರುತ್ತದೆ, ಅದನ್ನೂ ತೆಗೆದರಾ ಎಂದು ಕೇಳಿ. ಮನೆಯಲ್ಲಿ ಮಸಿ ಹರಡಿದರೆ ಅದು ಒಳ್ಳೆಯ ಕೆಲಸ ಅಲ್ಲ.

ಅಂಗಡಿಯಲ್ಲಿ ಚಿಮ್ನಿ ಕ್ಲೀನ್ ಮಾಡುವ ಲಾಗ್ (ಬೆಂಕಿಯಲ್ಲಿ ಉರಿಸುವ, ರಾಸಾಯನಿಕ ಸೇರಿಸಿದ ಕೊರಡು) ಸಿಗುತ್ತದೆ. ಅದು ಕ್ರಿಯೊಸೋಟನ್ನು ಸ್ವಲ್ಪ ಒಣಗಿಸಿ ಉದುರಿಸಬಹುದು, ಅಷ್ಟೇ. ಬ್ರಶ್ ಮಾಡುವ ಕೆಲಸವನ್ನು ಅದು ಮಾಡುವುದಿಲ್ಲ. ಬಿರುಕು ಇದೆಯಾ ಎಂದು ಅದು ಹೇಳುವುದಂತೂ ಇಲ್ಲ.

ಮಸಿ ನಿಧಾನವಾಗಿ ಕಟ್ಟುವಂತೆ ಮಾಡುವುದು

ಸೌದೆ ಒಣಗಿರಬೇಕು. ತೇವ 20 ಶೇಕಡಕ್ಕಿಂತ ಕಡಿಮೆ ಇರಲಿ. ಇದನ್ನು ಅಳೆಯುವ ಸಣ್ಣ ಮೀಟರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಸೌದೆಯನ್ನು ಆಗಷ್ಟೇ ಸೀಳಿ, ಒಳಮುಖಕ್ಕೆ ಮೀಟರ್ ಚುಚ್ಚಿ ನೋಡಿ. ಹೊರಮುಖದಲ್ಲಿ ಬರುವ ಅಂಕಿ ನಂಬುವಂತಿಲ್ಲ. ಸೀಳಿದ ಸೌದೆ ಒಣಗಲು ಸಾಮಾನ್ಯವಾಗಿ 6ರಿಂದ 12 ತಿಂಗಳು ಬೇಕು, ಓಕ್ ಮರಕ್ಕೆ ಇನ್ನೂ ಜಾಸ್ತಿ. ಮೇಲೆ ಹೊದಿಸಿ, ಪಕ್ಕಗಳನ್ನು ಗಾಳಿಗೆ ಬಿಡಿ.

ಬೆಂಕಿ ಚಿಕ್ಕದಾಗಿರಲಿ, ಆದರೆ ಚೆನ್ನಾಗಿ ಉರಿಯಲಿ. ದೊಡ್ಡ ರಾಶಿ ಹಾಕಿ ಗಾಳಿ ಬಿಗಿಹಿಡಿದರೆ ಬರೀ ಹೊಗೆ. ರಟ್ಟಿನ ಡಬ್ಬ, ಉಡುಗೊರೆಯ ಬಣ್ಣದ ಕಾಗದ, ಬಣ್ಣ ಬಳಿದ ಮರ ಇವನ್ನು ಹಾಕಬೇಡಿ. ಕಾಗದ ಹಾರಿ ಮೇಲಿನ ಮಸಿಗೆ ಬೆಂಕಿ ಹಚ್ಚಬಲ್ಲದು. ಹಳೆಯ ಡೆಕ್ ಒಡೆದಾಗ ಸಿಗುವ ಮರವನ್ನಂತೂ ಮುಟ್ಟಬೇಡಿ. 2003ರ ಕೊನೆಯವರೆಗೆ ಮನೆಬಳಕೆಯ ಇಂಥ ಮರಕ್ಕೆ ಆರ್ಸೆನಿಕ್ ಇರುವ ರಾಸಾಯನಿಕ ಹಾಕುತ್ತಿದ್ದರು.

ಚಿಮ್ನಿಗೆ ಬೆಂಕಿ ಹತ್ತಿದರೆ

ವಿಮಾನ ಹಾರುವಂಥ ಭೋರ್ಗರೆತ, ಚಿಮ್ನಿಯ ತುದಿಯಿಂದ ಕಿಡಿ ಅಥವಾ ಜ್ವಾಲೆ, ದಟ್ಟ ಹೊಗೆ. ಎಲ್ಲರನ್ನೂ ಮನೆಯಿಂದ ಹೊರಗೆ ಕಳಿಸಿ, 911ಕ್ಕೆ ಕರೆ ಮಾಡಿ. ಹೊರಗೆ ಹೋಗುವಾಗ ಸುಲಭವಾಗಿ ಆಗುವುದಾದರೆ ಮಾತ್ರ ಸ್ಟವ್‌ನ ಬಾಗಿಲು, ಗಾಳಿಯ ದಾರಿ ಮುಚ್ಚಿ. ಫೈರ್‌ಪ್ಲೇಸ್‌ಗೆ ನೀರು ಸುರಿಯಬೇಡಿ. ಹಠಾತ್ತಾಗಿ ಆವಿ ಎದ್ದು ಮೈ ಸುಡುತ್ತದೆ, ಬಿಸಿ ಟೈಲ್ ಸಿಡಿಯುತ್ತದೆ.

ಎಲ್ಲ ಚಿಮ್ನಿ ಬೆಂಕಿಯೂ ಹೀಗೆ ಸದ್ದು ಮಾಡುವುದಿಲ್ಲ. ಗಾಳಿ ಸಾಲದೆ ನಿಧಾನಕ್ಕೆ ಉರಿದು, ಮನೆಯವರಿಗೆ ಗೊತ್ತೇ ಆಗದೆ ಆರುವ ಬೆಂಕಿಗಳೂ ಇವೆ. ಅವೂ ಟೈಲ್ ಸೀಳುತ್ತವೆ. ಮೊದಲ ಬೆಂಕಿಯಲ್ಲಿ ಸೀಳಿದ ಜಾಗದಿಂದ ಎರಡನೆಯ ಬೆಂಕಿ ಮನೆಯ ಮರಕ್ಕೆ ದಾಟುತ್ತದೆ. ಛಾವಣಿಯ ಮೇಲೆ ಅಥವಾ ಅಂಗಳದಲ್ಲಿ ಕಪ್ಪು ಚಕ್ಕೆಗಳು ಬಿದ್ದಿದ್ದರೆ, ಕ್ಯಾಪ್ ಬಣ್ಣಗೆಟ್ಟು ಸೊಟ್ಟಗಾಗಿದ್ದರೆ, ಹಾಗೆ ಆಗಿದೆ ಎಂದೇ ತಿಳಿಯಿರಿ. ಆಗ ಬೇಕಾದದ್ದು ಕ್ಯಾಮೆರಾ ಇಳಿಸುವ ಎರಡನೇ ಮಟ್ಟದ ಪರೀಕ್ಷೆ. ಅದರ ವರದಿ ಕೈಗೆ ಬರುವವರೆಗೆ ಆ ಫೈರ್‌ಪ್ಲೇಸ್‌ಗೆ ಒಂದು ತುಂಡು ಸೌದೆಯನ್ನೂ ಹಾಕಬೇಡಿ.